ಕೆಂಪನಂಜಪ್ಪನ ಬಿಸಿನೀರಿನ ನಲ್ಲಿ

ಕೊಳ್ಳೇಗಾಲದ ಸುತ್ತಮುತ್ತ ತಾನು ನೀರು ಹರಿಸದ ಮನೆಯೇ ಇಲ್ಲ ಎಂದು ಪ್ಲಂಬರ್ ಸದಾಶಿವಪ್ಪ ಹೇಳಿಕೊಂಡು ತಿರುಗುತ್ತಿದ್ದ. ಶುದ್ಧ ಸುಳ್ಳು. ಒಂದು ಮನೆ ಇತ್ತು, ಅದೂ ಬೇರೆ ಯಾರದೋ ಅಲ್ಲ, ಒಡಹುಟ್ಟಿದ ಅಕ್ಕನದು. ಯಳಂದೂರಿನ ಅಕ್ಕ ದೊಡ್ಡಬಸಮ್ಮ ಮದುವೆಯಾಗಿ ಬಂದ ದಿನದಿಂದ ಬೀದಿ ತುದಿಯ ಬಾವಿಯಿಂದ ನೀರು ಹೊರುತ್ತಿದ್ದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಆಮೇಲೆ ಬೀದಿಗೆ ಪೈಪು ಬಂತು. ಬೀದಿಯಿಂದ ಮನೆಯೊಳಕ್ಕೆ ಇಪ್ಪತ್ತು ಮಾರು ಎಳೆದರೆ ಮುಗಿಯಿತು. "ಮುಂದಿನ ತಿಂಗ್ಳು ಬಂದು ಆಕ್ಬುಡ್ತೀನಿ ಕಣಕ್ಕ" ಎಂದು ತಮ್ಮ ಮಾತು ಕೊಟ್ಟದ್ದು ಎಂಬತ್ತೈದನೇ ಇಸವಿಯಲ್ಲಿ. ಈಗ ತೊಂಬತ್ತೇಳು ನಡೆಯುತ್ತಿತ್ತು, ಆ ಮುಂದಿನ ತಿಂಗಳು ಇನ್ನೂ ಬಂದಿರಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಕ್ಕ ಬೈಯುತ್ತಿದ್ದಳು. ಬೈದು ಕಾಫಿ ಕೊಡುತ್ತಿದ್ದಳು. ಅವನು ಕುಡಿದು ಹೋಗುತ್ತಿದ್ದ.

ಅವಳ ಗಂಡ ಶಿವರುದ್ರಸ್ವಾಮಿಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಕೊಡ ಮುಟ್ಟಿದರೆ ಮೀಸೆ ಉದುರಿಹೋಗುತ್ತದೆ ಎಂದು ನಂಬಿದ್ದ ಗಂಡಸು. ಆ ಕಡೆ ಗಂಡಸರೆಲ್ಲ ಹಾಗೇ, ಅವನೊಬ್ಬನನ್ನೇ ಅಂದು ಪ್ರಯೋಜನವಿಲ್ಲ. ಹೊಲ ಉಳುತ್ತಾರೆ, ಮೂಟೆ ಹೊರುತ್ತಾರೆ, ಹೆಣ ಬೇಕಾದರೂ ಹೊರುತ್ತಾರೆ. ನೀರು ಮಾತ್ರ ಹೊರುವುದಿಲ್ಲ.

ಇದರಿಂದ ದೊಡ್ಡಬಸಮ್ಮನ ಕುತ್ತಿಗೆ ಎಡಕ್ಕೆ ವಾಲಿತ್ತು. ನೋಡಿದವರಿಗೆ ಅವಳು ಯಾವಾಗಲೂ ಯಾರದೋ ಚಾಡಿ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ಅವಳಿಗೆ ಒಬ್ಬಳೇ ಮಗಳು, ಮಾಲಿನಿ. "ನನ್ ಕೂಸು ಕೊಡ ಹೊರೋ ಮನೆಗೆ ಓಗಕಿಲ್ಲ. ನಲ್ಲಿ ತಿರುಗ್ಸುದ್ರೆ ಬಿಸಿನೀರು ಬರ್ಬೇಕು, ಅಂತಾ ಮನೆಗೇ ಕೊಡೋದು" ಎಂದು ಅವಳು ಶಪಥ ಮಾಡಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ನಾಲ್ಕು ಸಂಬಂಧ ಮುರಿದಿದ್ದಳು. ಅದರಲ್ಲಿ ಒಬ್ಬ ಮೇಷ್ಟ್ರು, ಒಬ್ಬನಿಗೆ ಹತ್ತೆಕರೆ ಗದ್ದೆ. ಎಲ್ಲರ ಬಚ್ಚಲುಮನೆಯಲ್ಲೂ ಹಂಡೆ, ಒಲೆ, ಹಿತ್ತಲಲ್ಲಿ ಬಾವಿ. ಊರವರು ನಕ್ಕರು. ಅವಳು ಕೇರ್ ಮಾಡಲಿಲ್ಲ.

ಐದನೆಯದು ಕುದುರುವ ಹಾಗೆ ಕಂಡಿತು. ಗಂಡು ಬಂದು ಹೆಣ್ಣು ನೋಡಿಕೊಂಡು ಹೋಗಿದ್ದ. ಮಾತು ಕಡಿಮೆ. ಕಾಫಿ ಕುಡಿದ ಮೇಲೆ ಲೋಟವನ್ನು ತಾನೇ ಎತ್ತಿಕೊಂಡು ಹೋಗಿ ಅಡಿಗೆಮನೆ ಬಾಗಿಲಲ್ಲಿ ಇಟ್ಟನಂತೆ. "ಪೆದ್ದ ಇರ್ಬೇಕು" ಎಂದು ಶಿವರುದ್ರಸ್ವಾಮಿ ತೀರ್ಮಾನ ಕೊಟ್ಟ. ಮಾಲಿನಿ ಮಾತ್ರ, "ಆದ್ರೆ ಇವ್ರೇ ಆಗ್ಲಿ ಕಣವ್ವಾ, ಈ ಸಲ ನಲ್ಲಿ ಗಿಲ್ಲಿ ಅಂತ ಕೆಡಿಸ್ಬ್ಯಾಡ" ಎಂದು ತಾಯಿಯ ಸೆರಗು ಹಿಡಿದಳು. ಆ ಹುಡುಗಿ ಹಾಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ದೊಡ್ಡಬಸಮ್ಮ ಬಸ್ಸು ಹತ್ತಿ ತಮ್ಮನ ಅಂಗಡಿಗೆ ಬಂದಳು.

"ಭಾನುವಾರ ಗಂಡಿನ ಮನೆ ನೋಡಕ್ಕೆ ಓಗ್ಬೇಕು. ರೆಂಚು ತಕಂಡು ಬಾ. ನಲ್ಲಿ, ಪೈಪು, ಗೀಸರ್ರು ಎಲ್ಲಾನೂ ಬಿಚ್ಚಿ ನೋಡ್ಬೇಕು. ಕೂಸು ಆಸೆ ಪಟ್ಟದೆ, ನಾನು ಏಮಾರ್ಬಾರ್ದು."

"ಮನೆ ನೋಡಕ್ಕೆ ರೆಂಚು ತಕಂಡು ಓದ್ರೆ ನಗಕಿಲ್ವಾ ಅಕ್ಕ?"

"ನಗ್ಲಿ. ಕುತ್ಗೆ ನಂದು ನೋಯ್ತದೆ, ಅವ್ರದ್ದಲ್ಲ."

"ಯಾವೂರು?"

ಅವಳು ಅತ್ತಿತ್ತ ನೋಡಿ, "ಹನೂರು ಕಡೆ" ಎಂದಳು.

ಸಂಬಂಧ ಗಟ್ಟಿಯಾಗುವವರೆಗೆ ಗಂಡಿನ ಊರು ಬಾಯಿಬಿಡಬಾರದು, ಬಿಟ್ಟರೆ ಮುರಿಯುವವರು ಹತ್ತು ಜನ ಹುಟ್ಟಿಕೊಳ್ಳುತ್ತಾರೆ ಎಂಬುದು ಆ ಸೀಮೆಯ ಹೆಂಗಸರ ಕಟ್ಟಾ ನಂಬಿಕೆ. ಒಡಹುಟ್ಟಿದವನಾದರೇನು, ಅವನಿಗೂ ಬಾಯಿ ಇದೆಯಲ್ಲ. ಹನೂರು ಕಡೆ ಎಂದರೆ ಹನೂರಂತೂ ಅಲ್ಲ ಎಂದು ಸದಾಶಿವಪ್ಪ ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ.

ಭಾನುವಾರ ಬಾಡಿಗೆ ವ್ಯಾನು ಕೊಳ್ಳೇಗಾಲದಲ್ಲಿ ಅವನನ್ನು ಹತ್ತಿಸಿಕೊಂಡು ಹನೂರು ರಸ್ತೆಯನ್ನು ಬಿಟ್ಟು ಮುಳ್ಳೂರಿನ ಕಡೆ ತಿರುಗಿತು. ಸದಾಶಿವಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಮುಳ್ಳೂರಿನಲ್ಲಿ ವ್ಯಾನು ಹಸಿರು ಬಣ್ಣದ ಹೊಸ ಆರ್‌ಸಿಸಿ ಮನೆಯ ಮುಂದೆ ನಿಂತಾಗ ಆ ತಲೆಯನ್ನು ಒಳಕ್ಕೆ ಎಳೆದುಕೊಂಡ.

ಆ ಮನೆಯ ಯಜಮಾನ ಕೆಂಪನಂಜಪ್ಪನನ್ನು ಅವನು ಚೆನ್ನಾಗಿ ಬಲ್ಲ. ಆ ಮನೆಯ ಒಂದೊಂದು ನಲ್ಲಿಯನ್ನೂ ಬಲ್ಲ. ಯಾಕೆಂದರೆ ಅವನ್ನು ಹಾಕಿದವನು ಅವನೇ.

ಎಂಟು ತಿಂಗಳ ಹಿಂದಿನ ಮಾತು. ಕೆಂಪನಂಜಪ್ಪನಿಗೆ ಗದ್ದೆ, ಹಿಪ್ಪುನೇರಳೆ ತೋಟ, ಎಲ್ಲಾ ಇತ್ತು. ಗದ್ದೆಗೆ ನೀರು ಪಂಪ್‌ಸೆಟ್ಟಿನಲ್ಲಿ ಬರುತ್ತಿತ್ತು, ಮನೆಗೆ ನೀರು ಹೆಂಡತಿಯ ತಲೆಯ ಮೇಲೆ ಬರುತ್ತಿತ್ತು. ಹೊಸ ಮನೆ ಕಟ್ಟಿದ, ಬಚ್ಚಲಿಗೆ ಬಿಳಿ ಟೈಲ್ಸ್ ಹಾಕಿಸಿದ, ಪೈಪು ಎಳೆಸುವ ಹೊತ್ತಿಗೆ ಕೈ ಬಿಗಿಯಿತು. "ಬಾವಿ ಐತಲ್ಲ, ನೀರು ಹೊರಾಕೆ ಹೆಂಗಸ್ರು ಅವ್ರಲ್ಲ" ಎಂದ. ಅಷ್ಟರಲ್ಲಿ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುತ್ತೇವೆ ಎಂದರು. ಸದಾಶಿವಪ್ಪನಿಗೆ ಕರೆ ಬಂತು. "ಗೋಡೆಗೆ ಒಂದೈದು ನಲ್ಲಿ ಸಿಗಿಸ್ಬುಡಪ್ಪ. ನೋಡಕ್ಕೆ ಇದ್ರೆ ಸಾಕು." ಸದಾಶಿವಪ್ಪ ನಗುನಗುತ್ತಾ ಸಿಗಿಸಿದ. ಗೋಡೆಯ ಆಚೆಗೆ ಒಂದೊಂದು ಅಡಿ ಪೈಪಿನ ತುಂಡು ಬಿಟ್ಟು, ತುದಿಗೆ ಡಮ್ಮಿ ಹೊಡೆದು ಬಾಯಿ ಮುಚ್ಚಿದ. ಜತೆಗೆ ಸುಟ್ಟುಹೋಗಿ ಅಂಗಡಿ ಮೂಲೆಯಲ್ಲಿ ಬಿದ್ದಿದ್ದ ಒಂದು ಗೀಸರಿಗೆ ಬಣ್ಣ ಬಳಿದು ಬಚ್ಚಲಲ್ಲಿ ನೇತುಹಾಕಿದ. ಸ್ವಿಚ್ಚು ಹಾಕಿದರೆ ಕೆಂಪು ದೀಪ ಹತ್ತುತ್ತಿತ್ತು. ಅಷ್ಟೇ ಅದರ ಕಸುಬು. ಆ ಹೆಣ್ಣಿನವರು ನಲ್ಲಿ ನೋಡಿ ಮೆಚ್ಚಿದರು, ಜಾತಕ ನೋಡಿ ಬಿಟ್ಟರು. ಸದಾಶಿವಪ್ಪ ಈ ಕತೆಯನ್ನು ಅಂಗಡಿಯಲ್ಲಿ ಕೂತು ಎಷ್ಟು ಸಲ ಹೇಳಿ ನಗಿಸಿದ್ದನೋ ಲೆಕ್ಕವಿಲ್ಲ.

ಈಗ ಅದೇ ಮನೆಗೆ ಅಕ್ಕನ ಮಗಳು.

"ಬನ್ನಿ ಬೀಗ್ರೆ, ಬನ್ನಿ ಬನ್ನಿ" ಎನ್ನುತ್ತಾ ಬಂದ ಕೆಂಪನಂಜಪ್ಪ ಸದಾಶಿವಪ್ಪನನ್ನು ಕಂಡದ್ದೇ ನಾಲ್ಕನೇ ಬನ್ನಿಯನ್ನು ನುಂಗಿಕೊಂಡ.

"ಇವ ನನ್ ತಮ್ಮ, ಪ್ಲಂಬರ್ ಕೆಲ್ಸ" ಎಂದಳು ದೊಡ್ಡಬಸಮ್ಮ.

"ಓಹೋ. ಎಲ್ಲೂ ನೋಡ್ದಂಗೇ ಇಲ್ವಲ್ಲಾ" ಎಂದ ಕೆಂಪನಂಜಪ್ಪ.

"ನಾನೂ ಈ ಊರಿಗೇ ಬಂದಿಲ್ಲ ಕಣ್ರಿ" ಎಂದ ಸದಾಶಿವಪ್ಪ.

ಮನೆಯ ನಾಯಿಗೆ ಮಾತ್ರ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಎಂಟು ತಿಂಗಳ ಹಿಂದೆ ತನಗೆ ಬನ್ನು ಹಾಕಿದ ಮನುಷ್ಯನನ್ನು ಕಂಡು ಅದು ಓಡಿಬಂದು, ಬಾಲ ಬಡಿದು, ಅವನ ಕಾಲು ನೆಕ್ಕತೊಡಗಿತು. "ಅದು ಎಲ್ರಿಗೂ ಅಂಗೇ" ಎಂದು ಕೆಂಪನಂಜಪ್ಪ ಅದನ್ನು ಒದ್ದು ಓಡಿಸಿದ. ದೊಡ್ಡಬಸಮ್ಮ ವಾಲಿದ ಕುತ್ತಿಗೆಯಿಂದ ನಾಯಿಯನ್ನು ನೋಡಿದಳು, ತಮ್ಮನನ್ನು ನೋಡಿದಳು, ಜಗುಲಿ ಹತ್ತಿದಳು.

ಜಗುಲಿಯಲ್ಲಿ ಚಾಪೆ ಹಾಸಿ, ಬಾಳೆಹಣ್ಣು, ಚಕ್ಕುಲಿ ಇಟ್ಟರು. ಶಿವರುದ್ರಸ್ವಾಮಿ ಅಲ್ಲೇ ಬೇರು ಬಿಟ್ಟ. ಗಂಡು ಪರಮೇಶ ಎಲ್ಲೂ ಕಾಣಲಿಲ್ಲ. "ಕೊಳ್ಳೇಗಾಲಕ್ಕೆ ಓಗವ್ನೆ, ಈಗ ಬಂದ್ಬುಡ್ತಾನೆ" ಎಂದು ಅಪ್ಪ ಹೇಳಿದ. ಕೆಂಪನಂಜಪ್ಪನ ಹೆಂಡತಿ ಚನ್ನಮಲ್ಲಮ್ಮ ಮಂಡಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಮೊದ್ಲು ಬಚ್ಲುಮನೆ ನೋಡವ" ಎಂದು ದೊಡ್ಡಬಸಮ್ಮ ಎದ್ದಳು.

ಸದಾಶಿವಪ್ಪ ಇನ್ನೊಂದು ಚಕ್ಕುಲಿಗೆ ಕೈ ಹಾಕಿ ತಡಮಾಡಿದ. ಈಗ ಅಕ್ಕ ನಲ್ಲಿ ತಿರುಗಿಸುತ್ತಾಳೆ, ಒಂದು ತೊಟ್ಟೂ ಬರುವುದಿಲ್ಲ, "ಯಾಕ್ಲಾ ಬರ್ನಿಲ್ಲ, ಬಿಚ್ಚು" ಎನ್ನುತ್ತಾಳೆ, ಬಿಚ್ಚಿದರೆ ಪೈಪಿಗೆ ತಾನೇ ಸುತ್ತಿದ ಸೆಣಬು, ತಾನೇ ಹೊಡೆದ ಡಮ್ಮಿ. ಶಿವನೇ, ಇವತ್ತು ನನ್ನ ಮಾನ ಹರಾಜು ಎಂದುಕೊಂಡು ಹಿಂದೆ ಹೋದ.

"ಬಚ್ಲುಮನೆ ನಲ್ಲಿ ನೋಡ್ಬೇಕಾ ತಾಯೀ? ತಣ್ಣೀರ್ ನಲ್ಲಿಯಾ? ತಣ್ಣೀರಾ!" ಕೆಂಪನಂಜಪ್ಪ ಕಿವುಡರಿಗೆ ಹೇಳುವ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂಗಿದ.

ಅವಳು ತಿರುಗಿಸಿದಳು. ನಲ್ಲಿ ಗೊರಗೊರ ಎಂದಿತು. ನೀರು ಬಂತು.

ಸದಾಶಿವಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವನು ಹಾಕಿದ ನಲ್ಲಿಗಳಲ್ಲಿ ಬರಬೇಕಾದ ನೀರು ಬಾರದೇ ಇದ್ದದ್ದುಂಟು. ಬರಬಾರದ ನೀರು ಬಂದದ್ದು ಇದೇ ಮೊದಲು.

"ಈಗ ಗೀಸರ್ರು" ಎಂದಳು ಅಕ್ಕ. "ಕಾಯಕ್ಕೆ ಎಷ್ಟೊತ್ತು ಬೇಕು?"

"ಕಾಯೋದೇ ಬ್ಯಾಡ ತಾಯೀ! ಬಿಸಿನೀರಾ? ಬಿಸಿನೀರು!" ಎಂದು ಗೋಡೆಗೆ ಹೇಳಿ ಅವನು ಸ್ವಿಚ್ಚು ಹಾಕಿದ. ಕೆಂಪು ದೀಪ ಹತ್ತಿತು. ನಲ್ಲಿ ತಿರುಗಿಸಿದ ದೊಡ್ಡಬಸಮ್ಮ "ಅಯ್ಯಯ್ಯಪ್ಪೋ!" ಎಂದು ಕೈ ಕೊಡವಿಕೊಂಡಳು. ಹಬೆ ಎದ್ದಿತು. ಸ್ವಿಚ್ಚು ಹಾಕಿದ ಗಳಿಗೆಯಲ್ಲೇ ಕೊತಕೊತ ಕುದಿಯುವ ನೀರು. ಅಮೆರಿಕದಲ್ಲೂ ಇಂಥ ಗೀಸರ್ ಇರಲಿಕ್ಕಿಲ್ಲ.

ಅವಳು ಸುಟ್ಟ ಬೆರಳನ್ನು ಮೂಗಿನ ಹತ್ತಿರ ಹಿಡಿದಳು. "ಸೀಮೆಎಣ್ಣೆ ವಾಸ್ನೆ ಬತ್ತದಲ್ಲ?"

"ಹೊಸಾದಲ್ವಾ ತಾಯಿ, ಹೊಸಾದು ಅಂಗೇ."

"ಅಡ್ಗೆಮನೇಲೂ ಒಂದ್ ನಲ್ಲಿ ಅದೆ ಅಲ್ವಾ?"

"ಅಡ್ಗೆಮನೆ ನಲ್ಲಿಯಾ?" ಈ ಸಲ ಕೆಂಪನಂಜಪ್ಪನ ಗಂಟಲು ಹರಿದುಹೋಗುವ ಹಾಗಿತ್ತು. "ಅಡ್ಗೆಮನೇಗೆ ಓಗ್ಬೇಕಂತೆ! ಈ ಕಡೆಯಿಂದ ಆ ಕಡೆಗೆ!"

ಹೊರಗೆ ದಡದಡ ಓಡುವ ಸದ್ದಾಯಿತು. ಏನೋ ಬಿದ್ದು ಉರುಳಿತು, ಯಾರೋ "ಅವ್ವಾ" ಎಂದರು. ಚನ್ನಮಲ್ಲಮ್ಮ ಕಣ್ಣು ಮುಚ್ಚಿಕೊಂಡಳು. ದೊಡ್ಡಬಸಮ್ಮ ಅಡಿಗೆಮನೆಯ ನಲ್ಲಿ ತಿರುಗಿಸಿ ನಿಂತಳು. ಏನಿಲ್ಲ. ಒಂದರಿಂದ ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ಏದುಸಿರು ಬಿಟ್ಟಂತೆ ಗಾಳಿ ಬಂತು, ಆಮೇಲೆ ನೀರು ಬಂತು, ನೀರಿನ ಜತೆ ಒಂದು ಪುಟ್ಟ ಹುಣಸೆ ಎಲೆಯೂ ಬಂತು. ಅವಳು ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ನಲ್ಲಿ ನಿಲ್ಲಿಸಿದಳು. ತಮ್ಮನ ಹೆಗಲ ಟವೆಲ್ ಹಿಡಿದು ಎಳೆದುಕೊಂಡು ನಡುಮನೆಗೆ ಬಂದಳು.

"ಯೋಳ್ಲಾ ಸದಾಶಿವಾ. ನಾನು ಓದ್ದೋಳಲ್ಲ, ಬರ್ದೋಳಲ್ಲ. ನೀನು ಸರಿಯಾಗದೆ ಅಂದ್ರೆ ವೀಳ್ಯೆ ತಕತೀನಿ. ಕೂಸಿನ್ ಕುತ್ಗೆ ಮೇಲೆ ಆಣೆ ಮಡ್ಗಿ ಯೋಳು."

ಸರಿಯಾಗಿದೆ ಎಂದುಬಿಟ್ಟರೆ ಎಲ್ಲವೂ ಸಲೀಸು. ನೀರು ಬಂದಿದೆ, ಅಕ್ಕನೇ ಕಣ್ಣಾರೆ ನೋಡಿದ್ದಾಳೆ, ಹುಡುಗಿಗೂ ಹುಡುಗನ ಮೇಲೆ ಮನಸ್ಸು, ತನ್ನ ಮಾನವೂ ಉಳಿಯಿತು. ಸದಾಶಿವಪ್ಪ "ಸರಿಯಾ..." ಎನ್ನುವಷ್ಟರಲ್ಲಿ ಅಕ್ಕ ಅಭ್ಯಾಸಬಲದಿಂದ ಎಡಗೈಯಿಂದ ತನ್ನ ಕುತ್ತಿಗೆಯನ್ನು ಒತ್ತಿಕೊಂಡಳು. ಈ ಕೈ ಆ ಕುತ್ತಿಗೆಯನ್ನು ಒತ್ತಿಕೊಳ್ಳುವುದನ್ನು ಅವನು ಹನ್ನೆರಡು ವರ್ಷದಿಂದ ನೋಡುತ್ತಾ ಕಾಫಿ ಕುಡಿದಿದ್ದ. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಅಕ್ಕ, ಆ ನಲ್ಲಿ ಆಕ್ದೋನು ನಾನೇ ಕಣಕ್ಕ. ನೋಡೋರ ಕಣ್ಣಿಗೆ ಮಣ್ಣೆರ್ಚಕ್ಕೆ ಸಿಗಿಸ್ದೋ. ಅದ್ರ ಹಿಂದೆ ಪೈಪೂ ಇಲ್ಲ, ಟ್ಯಾಂಕೂ ಇಲ್ಲ. ಗೀಸರ್ರು ನನ್ ಅಂಗ್ಡೀದೇ, ಸತ್ತು ನಾಲ್ಕು ವರ್ಷ ಆಯ್ತು."

ದೊಡ್ಡಬಸಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. "ಮತ್ತೆ ನೀರು ಎಲ್ಲಿಂದ ಬಂತು?" ಎಂದಳು.

"ಅದು ನಂಗೂ ಗೊತ್ತಿಲ್ಲ ಕಣಕ್ಕ. ನಿನ್ನಾಣೆ."

ಇಬ್ಬರೂ ಹಿತ್ತಲ ಬಾಗಿಲು ತೆಗೆದರು. ಹಿಂದೆ ಕೆಂಪನಂಜಪ್ಪ "ಅಲ್ಲಿ ಕೊಚ್ಚೆ ಅದೆ ತಾಯೀ, ಓಗ್ಬ್ಯಾಡಿ ತಾಯೀ" ಎಂದು ಬಡಕೊಳ್ಳುತ್ತಿದ್ದ.

ಹುಣಸೆಮರದ ಕೆಳಗೆ ಬಾವಿ. ಬಾವಿಯ ಪಕ್ಕ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಗೋಡೆಯಿಂದ ಹೊರಬಂದಿದ್ದ ಪೈಪಿನ ತುಂಡುಗಳ ಡಮ್ಮಿ ಬಿಚ್ಚಿ, ಹಸಿರು ಹೋಸು ಕಟ್ಟಿ, ಮೇಲಕ್ಕೆ ಎಳೆದು, ಒಂದೊಂದರ ಬಾಯಿಗೂ ಸೀಮೆಎಣ್ಣೆ ಸುರಿಯುವ ಲಾಳಿಕೆ ಸಿಕ್ಕಿಸಿದ್ದರು. ಏಣಿಯ ಮೇಲೆ, ಪಂಚೆ ಎತ್ತಿ ಕಟ್ಟಿ, ತಲೆಯಿಂದ ಕಾಲಿನವರೆಗೆ ತೊಯ್ದು, ಮೊಣಕೈ ತರಚಿಕೊಂಡು ನಿಂತಿದ್ದವನು ಮದುವೆ ಗಂಡು ಪರಮೇಶ. ಅವನ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ತುಂಬಿದ ಕೊಡ.

ಅತ್ತೆಯಾಗುವವಳನ್ನು ಕಂಡು ಅವನು ಏಣಿ ಇಳಿದ. ಕೊಡ ಮುಟ್ಟಲಿಲ್ಲ. ಎರಡೂ ಕೈ ಜೋಡಿಸಿ "ನಮಸ್ಕಾರ ಅತ್ತೆ" ಎಂದ. ಕೊಡ ತಲೆಯ ಮೇಲೆ ಅಲ್ಲಾಡದೆ ಕೂತಿತ್ತು, ಒಂದು ಹನಿಯೂ ತುಳುಕಲಿಲ್ಲ.

ಕೆಂಪನಂಜಪ್ಪ ಓಡಿಬಂದು ದೊಡ್ಡಬಸಮ್ಮನ ಕಾಲಿಗೆ ಬೀಳುವುದೊಂದು ಬಾಕಿ. "ತಾಯೀ, ನಲ್ಲಿ ವಿಷ್ಯ ಬೇಕಾದ್ರೆ ಊರಿಗೆಲ್ಲಾ ಡಂಗೂರ ಒಡ್ಸಿ. ಮೋಸ ಮಾಡ್ದ ಅನ್ನಿ, ತಡಕತೀನಿ. ನನ್ ಮಗ ನೀರು ಹೊತ್ತ ಅಂತ ಮಾತ್ರ ಯಾರ್ಗೂ ಯೋಳ್ಬ್ಯಾಡಿ, ನನ್ ಮೀಸೆ ಮಣ್ಣಾಯ್ತದೆ!"

ಅವಳು ಅವನ ಕಡೆ ನೋಡಲೂ ಇಲ್ಲ. "ಕೊಡ ಇಳ್ಸಪ್ಪ" ಎಂದಳು. ಪರಮೇಶ ಇಳಿಸಿದ. "ಸಿಂಬೆ ಕೊಡಿಲ್ಲಿ."

ಸದಾಶಿವಪ್ಪ ಪೈಪು ನೋಡುವುದರಲ್ಲಿ ಪಂಡಿತನಿರಬಹುದು, ಸಿಂಬೆ ನೋಡುವುದರಲ್ಲಿ ಅವನ ಅಕ್ಕನ ಮುಂದೆ ಯಾರೂ ಇಲ್ಲ. ಅವಳು ಅದನ್ನು ತಿರುಗಿಸಿ ನೋಡಿದಳು, ಹಿಸುಕಿ ನೋಡಿದಳು. ಹಳೇ ಸೀರೆಯ ಅಂಚು ಸುತ್ತಿ ಮಾಡಿದ ಸಿಂಬೆ, ಎಣ್ಣೆ ಬೆವರು ಕುಡಿದು ಕಪ್ಪಾಗಿತ್ತು, ಒಂದು ಪಕ್ಕ ತಲೆಯ ಅಚ್ಚಿಗೆ ಸರಿಯಾಗಿ ಕುಳಿಬಿದ್ದಿತ್ತು.

"ಇದು ಇವತ್ತು ಸುತ್ತಿದ್ದಲ್ಲ" ಎಂದಳು. "ಎಷ್ಟ್ ದಿನದಿಂದ ಹೊರ್ತಿದ್ದೀಯೆ?"

ಪರಮೇಶ ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದ. "ಅವ್ವಂಗೆ ಮಂಡಿ ಓದಾಗಿಂದ. ಮೂರು ವರ್ಷ ಆಯ್ತು. ಕೋಳಿ ಕೂಗೋ ಒತ್ಗೇ ತುಂಬಿಸ್ಬುಡ್ತೀನಿ, ಬೀದಿಯೋರು ಏಳಾಕಿಂತ ಮುಂಚೆ."

"ಮೂರು ವರ್ಷವಾ?" ಎಂದ ಕೆಂಪನಂಜಪ್ಪ. ಹೆಂಡತಿ ತಂದದ್ದು ಎಂದುಕೊಂಡು ಮೂರು ವರ್ಷ ಮಗ ತಂದ ನೀರಿನಲ್ಲಿ ಸ್ನಾನ ಮಾಡಿದ್ದು ಅವನಿಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಚನ್ನಮಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ದೊಡ್ಡಬಸಮ್ಮ ಸಿಂಬೆ ಹಿಡಿದುಕೊಂಡೇ ಬಾವಿಕಟ್ಟೆಯ ಮೇಲೆ ಕೂತಳು. ಜಗುಲಿಯಿಂದ ಶಿವರುದ್ರಸ್ವಾಮಿ ಚಕ್ಕುಲಿ ಮುರಿಯುವ ಸದ್ದು ಅಲ್ಲಿಗೂ ಕೇಳುತ್ತಿತ್ತು.

"ನಂಗೂ ಗಂಡ ಅವ್ನೆ" ಎಂದಳು. "ತಮ್ಮನೂ ಅವ್ನೆ, ಪ್ಲಂಬರ್ ತಮ್ಮ. ಇಪ್ಪತ್ತೆಂಟು ವರ್ಷ್ದಲ್ಲಿ ನನ್ ತಲೆ ಮೇಲಿನ ಕೊಡ ಇಳ್ಸಕ್ಕೆ ಒಂದ್ ಕೈ ಮುಂದಕ್ಕೆ ಬರ್ನಿಲ್ಲ."

ಸದಾಶಿವಪ್ಪನಿಗೆ ಬಾವಿಗೆ ಹಾರೋಣ ಎನ್ನಿಸಿತು, ಆದರೆ ಬಾವಿಕಟ್ಟೆಯ ಮೇಲೆ ಅಕ್ಕ ಕೂತಿದ್ದಳು.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದಳು. ದನಿ ಮತ್ತೆ ಹಳೇ ದೊಡ್ಡಬಸಮ್ಮನದಾಯಿತು. "ಕೇಳ್ರೀ ಬೀಗ್ರೆ. ಹೆಣ್ಣು ಕೊಡ್ತೀನಿ. ಈ ಹುಡ್ಗನ್ನ ನೋಡಿ ಕೊಡ್ತೀನಿ, ನಿಮ್ ಗೀಸರ್ ನೋಡಿ ಅಲ್ಲ. ಆದ್ರೆ ಮದ್ವೆಗೆ ಮುಂಚೆ ಪಂಪ್‌ಸೆಟ್ಟಿಂದ ಇಲ್ಲೀಗಂಟ ಪೈಪು ಬರ್ಬೇಕು, ಮೇಲೆ ಟ್ಯಾಂಕು ಕೂರ್ಬೇಕು. ನನ್ ಮಗಳೂ ಹೊರ್ಬಾರ್ದು, ಇವ್ನೂ ಹೊರ್ಬಾರ್ದು. ಇಲ್ಲ ಅಂದ್ರೆ ಪರಮೇಶ ಸಿಂಬೆ ಹೊತ್ತ ಕತೆ ಗೋಪಿನಾಥಂವರ್ಗೂ ಓಯ್ತದೆ, ನಾನೇ ಬಸ್ ಹತ್ಕಂಡು ಓಗಿ ಯೋಳ್ತೀನಿ."

"ಎಳೆಸ್ತೀನಿ ತಾಯಿ, ನಾಳೇನೇ ಎಳೆಸ್ತೀನಿ" ಎಂದ ಕೆಂಪನಂಜಪ್ಪ.

"ಕೆಲ್ಸ ಇವ್ನೇ ಮಾಡ್ತಾನೆ. ಕೂಲಿ ಕೇಳಕಿಲ್ಲ. ಸೋದರಮಾವನ ಮುಯ್ಯಿ" ಎಂದು ತಮ್ಮನ ಕಡೆ ಬೆರಳು ತೋರಿಸಿದಳು. ತಮ್ಮ ತಲೆಯಾಡಿಸಿದ. ಆ ಹೊತ್ತಿನಲ್ಲಿ ಅವನನ್ನು ಕೌದಳ್ಳಿಯವರೆಗೂ ಪೈಪು ಎಳೆ ಎಂದಿದ್ದರೂ ತಲೆಯಾಡಿಸುತ್ತಿದ್ದ.

ಆದರೆ ಮಾರನೇ ದಿನ ಸದಾಶಿವಪ್ಪ ಮುಳ್ಳೂರಿಗೆ ಹೋಗಲಿಲ್ಲ. ಅಂಗಡಿಯ ಪೈಪುಗಳನ್ನೂ, ಇನ್ನೊಬ್ಬರಿಗೆಂದು ತರಿಸಿಟ್ಟಿದ್ದ ಹೊಸ ಗೀಸರನ್ನೂ ಆಟೋಗೆ ಏರಿಸಿಕೊಂಡು ಯಳಂದೂರಿಗೆ ಬಂದ. ಯಾರನ್ನೂ ಮಾತಾಡಿಸದೆ ಬೀದಿಯಿಂದ ಮನೆಗೆ ತೋಡು ತೆಗೆಯತೊಡಗಿದ. ಜಗುಲಿಯ ಮೇಲೆ ಕೂತಿದ್ದ ಶಿವರುದ್ರಸ್ವಾಮಿ, "ಏನ್ ಬಾಮೈದ, ಮುಂದಿನ್ ತಿಂಗ್ಳು ಬಂದ್ಬುಡ್ತಾ?" ಎಂದ. ಸದಾಶಿವಪ್ಪ ಗುದ್ದಲಿಯನ್ನು ಅವನ ಕೈಗೆ ಕೊಟ್ಟು, "ಇಡ್ಕೊ ಭಾವ, ಇದ್ರಿಂದ ಮೀಸೆ ಉದ್ರಕಿಲ್ಲ" ಎಂದ. ಮಾಲಿನಿ ನಗು ತಡೆಯಲಾರದೆ ಒಳಗೆ ಓಡಿಹೋದಳು.

ಇಪ್ಪತ್ತು ಮಾರು ಪೈಪು. ಹನ್ನೆರಡು ವರ್ಷ ಮುಂದೂಡಿದ್ದ ಕೆಲಸ ಎರಡೂವರೆ ದಿನದಲ್ಲಿ ಮುಗಿದುಹೋಯಿತು. ಮೂರನೇ ದಿನ ಮಧ್ಯಾಹ್ನ ಬೀದಿಗೆ ನೀರು ಬಿಟ್ಟರು. ಸದಾಶಿವಪ್ಪ ಗೀಸರಿನ ಸ್ವಿಚ್ಚು ಹಾಕಿ, ಅದು ಕಾಯುವಷ್ಟು ಹೊತ್ತು ಕಾದು, ಅಕ್ಕನನ್ನು ಬಚ್ಚಲುಮನೆಗೆ ಕರೆದ.

"ತಿರುಗ್ಸಕ್ಕ."

ಅವಳು ತಿರುಗಿಸಿದಳು. ಬೆಚ್ಚನೆಯ ನೀರು ಧಾರೆಯಾಗಿ ಬಂತು. ದೊಡ್ಡಬಸಮ್ಮ ಅದರಡಿ ಕೈ ಹಿಡಿದಳು, ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ತಮ್ಮನ ಮುಖ ನೋಡಿದಳು. ಆಮೇಲೆ ಕೈ ಒರೆಸಿಕೊಂಡು, ಹಿತ್ತಲ ಬಾಗಿಲು ತೆಗೆದು, ಗೋಡೆಯ ಹಿಂದಕ್ಕೆ ನೋಡಲು ಹೋದಳು.

ಸದಾಶಿವಪ್ಪ ಕಾದ. ನೀರು ಬೀಳುತ್ತಲೇ ಇತ್ತು, ಅಕ್ಕ ಬರಲಿಲ್ಲ. ಅವನೂ ಹೊರಗೆ ಹೋದ. ಅವಳು ಗೋಡೆಗೆ ಕೂರಿಸಿದ್ದ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಕಣ್ಣಿನಲ್ಲಿ ನೀರಿತ್ತು.

"ಯಾರೂ ಇಲ್ಲ ಕಣ್ಲಾ ಸದಾಶಿವಾ" ಎಂದಳು.

"ಇಲ್ಲ ಕಣಕ್ಕ, ಯಾರೂ ಇಲ್ಲ." "ನೀರು ಸುಮ್ಕೆ ಓಯ್ತದೆ, ನಿಲ್ಸಿ ಬತ್ತೀನಿ" ಎಂದು ತಿರುಗಿದ.

"ಬುಡು" ಎಂದಳು ದೊಡ್ಡಬಸಮ್ಮ, ಇಪ್ಪತ್ತೆಂಟು ವರ್ಷದಲ್ಲಿ ಒಂದು ಚೊಂಬು ನೀರು ಚೆಲ್ಲದವಳು. "ಸ್ವಲ್ಪ ಒತ್ತು ಓಗ್ಲಿ."